ಬೆನ್ನು ತೋರಿಸಬಾರದ ಜಾಕೆಟ್ಟು

"ಕುಳ್ಳಗಿರೋ ಹೆಂಗಸಿನ ಜಾಕೆಟ್ಟು ಎಲ್ಲಿಗೆ ಮುಗಿಯಬೇಕು ಅನ್ನೋದು ಈ ಊರಿನಲ್ಲಿ ಗೊತ್ತಿರೋದು ಒಬ್ಬಳಿಗೇ. ಅವಳು ಈಗ ನಿಮಗೆ ಊಟ ಬಡಿಸ್ತಾ ಇದಾಳೆ!"

ಹೀಗೆಂದು ಸಾರಿ ಗೊಂಬೆಯಕ್ಕ ಸೌಟನ್ನು ರಾಜದಂಡದ ಹಾಗೆ ಮೇಲೆತ್ತಿದಳು. ಸೌಟಿನಲ್ಲಿದ್ದದ್ದು ಗಂಡನ ತೋಳಿನ ಮೇಲೆ ಇಳಿಯಿತು.

"ಗೊತ್ತಿರೋದನ್ನ ಮೊದಲು ತಟ್ಟೆಗೆ ಹಾಕು ಮಹಾರಾಯ್ತಿ" ಎಂದ ಗಂಡ, ತೋಳು ಒರೆಸಿಕೊಳ್ಳುತ್ತಾ.

ಗೊಂಬೆಯಕ್ಕ ಎಂದರೆ ಅವಳ ಹೆತ್ತವರು ಇಟ್ಟ ಹೆಸರೇನಲ್ಲ. ಪೇಟೆಬೀದಿಯ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ಆಳೆತ್ತರದ ಗೊಂಬೆಗಳು ನಿಂತಿರುತ್ತವಲ್ಲ, ಅವಕ್ಕೆ ಬಟ್ಟೆ ತೊಡಿಸುವುದು ಅವಳ ಕೆಲಸ. ಗೊಂಬೆಗಳೋ ತೆಂಗಿನಮರದಂಥವು, ಇವಳೋ ತುಳಸಿಗಿಡದಂಥವಳು. ಕಾಲರ್ ಸರಿಮಾಡಬೇಕೆಂದರೆ ಸ್ಟೂಲು ಹತ್ತಬೇಕು. ವರ್ಷಗಟ್ಟಲೆ ಹತ್ತಿ ಇಳಿದು ಅವಳ ಮಂಡಿಗಿಂತ ಮನಸ್ಸಿಗೇ ಹೆಚ್ಚು ಸುಸ್ತಾಗಿತ್ತು. ಎಷ್ಟು ಚೆಂದ ಉಡಿಸಿದರೂ ಒಂದು ಗೊಂಬೆಯಾದರೂ ಬಾಯಿಬಿಟ್ಟು "ಚೆನ್ನಾಗಿದೆ ಅಕ್ಕ" ಎಂದದ್ದುಂಟೇ?

ಅಂಥದ್ದರಲ್ಲಿ ಅಂಗಡಿಯ ಯಜಮಾನಿ ಕುಳ್ಳಗಿರುವ ಹೆಂಗಸರಿಗೆಂದೇ ಒಂದು ಜಾಕೆಟ್ ವಿಭಾಗ (ರವಿಕೆಯದ್ದಲ್ಲ, ಮೇಲೆ ತೊಡುವ ಕೋಟಿನಂಥದ್ದರದ್ದು) ತೆರೆಯುವುದಾಗಿ ಹೇಳಿದ್ದರು. ಶನಿವಾರ ಗಿರಾಕಿಗಳ ಎದುರಿಗೆ, ಯಾವ ಉದ್ದದ ಜಾಕೆಟ್ಟು ಕುಳ್ಳಿಯರಿಗೆ ಒಪ್ಪುತ್ತದೆ ಎಂದು ಯಾರು ತೋರಿಸಿಕೊಡುತ್ತಾರೋ ಅವರೇ ಆ ವಿಭಾಗದ ಮುಖ್ಯಸ್ಥೆ! ಗೊಂಬೆಯಕ್ಕ ಅಲ್ಲೇ ಕೈ ಎತ್ತಿದ್ದಳು. ಗಾಜಿನ ಪೆಟ್ಟಿಗೆಯಿಂದ ಇಳಿದು, ಮಾತಾಡುವ, ನಗುವ, ಬೇಕಾದರೆ ಬಯ್ಯುವ ಜನರ ನಡುವೆ ಕೆಲಸ! ಅವಳಿಗೆ ಬೇಕಿದ್ದದ್ದು ಅಷ್ಟೇ.

"ಉದ್ದ ಜಾಕೆಟ್ಟು ಹಾಕಿದ್ರೆ ಉದ್ದ ಕಾಣ್ತೀವಿ ಅಂತ ಎಲ್ಲರ ಭ್ರಮೆ ಕಣ್ರೀ. ತೊಡೆ ಮುಚ್ಚಿದ್ರೆ ಕಾಲು ಕಳೆದುಹೋಗತ್ತೆ. ಸೊಂಟದ ಮೂಳೆ ಹತ್ರ ನಿಲ್ಲಬೇಕು. ಆಗ ಕಾಲು ಉದ್ದ, ಆಳೂ ಉದ್ದ!"

"ಜಾಕೆಟ್ಟೇ ಹಾಕದಿದ್ರೆ ಇನ್ನೂ ಉದ್ದ ಕಾಣಬಹುದೇನೋ?"

"ನಿಮಗೇನು ಗೊತ್ತಾಗತ್ತೆ? ಬಲ್ಬು ಬದಲಾಯಿಸೋಕೇ ಹುಟ್ಟಿದವರು!"

ಗಂಡ ನಿಜವಾಗಿಯೂ ಅಷ್ಟುದ್ದ. ಶಾಲೆಯ ವ್ಯಾನು ಓಡಿಸುತ್ತಿದ್ದ. ಅದರೊಳಗೆ ಕೂತರೆ ಅವನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಅಂಥವನನ್ನು ಹೆತ್ತ ಅತ್ತೆ ಮಾತ್ರ ಸೊಸೆಗಿಂತಲೂ ಗಿಡ್ಡ. ಎತ್ತರದ ಕೊರತೆಯನ್ನು ಅವರ ನಾಲಿಗೆ ತುಂಬಿಕೊಡುತ್ತಿತ್ತು. ಅಂಗಡಿಯಲ್ಲಿ ಬೇರೆ ಕುಳ್ಳಿಯರು ಇರಲಿಲ್ಲವಾದ್ದರಿಂದ ಗೊಂಬೆಯಕ್ಕ ಅವರ ಕಾಲು ಹಿಡಿದಳು.

"ಅತ್ತೆ, ನೀವೂ ಒಂದು ಜಾಕೆಟ್ಟು ಹಾಕ್ಕೊಂಡು ನನ್ನ ಪಕ್ಕ ನಿಲ್ಲಬೇಕು."

"ಈ ವಯಸ್ಸಲ್ಲಿ ನನ್ನನ್ನ ಯಾರೇ ನೋಡ್ತಾರೆ?"

"ಎಲ್ಲರೂ ನೋಡ್ತಾರೆ."

"ಹಾಗಾದ್ರೆ ಬರ್ತೀನಿ."

ಶನಿವಾರ ಬೆಳಿಗ್ಗೆ ಹೊಸ ಜಾಕೆಟ್ಟಿನ ಪೆಟ್ಟಿಗೆ ಒಡೆದರೆ ಗೊಂಬೆಯಕ್ಕನ ಜೀವ ಬಾಯಿಗೆ ಬಂತು. ಕುಳ್ಳಿಯರಿಗೆ ಎಂದು ಚೀಟಿಯೇನೋ ಇತ್ತು. ಆದರೆ ಹೊಲಿದ ಪುಣ್ಯಾತ್ಮ ಕುಳ್ಳಿಯರನ್ನು ಕಂಡಿರಲೇ ಇಲ್ಲ! ತೊಟ್ಟು ನಿಂತರೆ ಅಂಚು ಮಂಡಿಯನ್ನು ಮುಟ್ಟುತ್ತದೆ, ಕೈ ತೋಳಿನೊಳಗೆ ಎಲ್ಲೋ ಮಾಯವಾಗುತ್ತದೆ. ಕತ್ತರಿಸೋಣವೆಂದರೆ ಮಾರುವ ಮಾಲು. ಅದಕ್ಕೆ ಕತ್ತರಿ ಹಾಕಿದರೆ ಯಜಮಾನಿ ಇವಳ ಜಡೆಗೇ ಹಾಕಿಯಾರು.

ಆಗ ಹೊಳೆಯಿತು ಉಪಾಯ! ಇಷ್ಟು ವರ್ಷ ಗೊಂಬೆಗಳಿಗೆ ಮಾಡಿದ್ದೇನು? ಕಿಟಕಿಯ ಗೊಂಬೆಯನ್ನು ಬೀದಿಯಿಂದ ನೋಡಿದರೆ ಹುಟ್ಟುವಾಗಲೇ ಆ ಬಟ್ಟೆ ತೊಟ್ಟು ಹುಟ್ಟಿದ ಹಾಗಿರುತ್ತದೆ. ಹಿಂದಕ್ಕೆ ಹೋಗಿ ನೋಡಿದವರಿಗೆ ಗೊತ್ತು ಗುಟ್ಟು. ಹೆಚ್ಚಾದ ಬಟ್ಟೆಯನ್ನೆಲ್ಲ ಬೆನ್ನ ಹಿಂದೆ ಮುಷ್ಟಿಗಟ್ಟಲೆ ಮಡಿಸಿ, ಗುಂಡುಸೂಜಿ ಚುಚ್ಚಿ, ಕಬ್ಬಿಣದ ಕ್ಲಿಪ್ಪು ಹಾಕಿರುತ್ತಾರೆ. ಗೊಂಬೆಯ ಬೆನ್ನು ನೋಡಿದ ಗಿರಾಕಿ ಇನ್ನೂ ಹುಟ್ಟಿಲ್ಲ.

ಗೊಂಬೆಯಕ್ಕ ಅತ್ತೆಗೂ ಹಾಗೇ ಮಾಡಿದಳು, ಅತ್ತೆಯ ಕೈಯಿಂದ ತನಗೂ ಹಾಗೇ ಮಾಡಿಸಿಕೊಂಡಳು. ಮುಂದಿನಿಂದ ಇಬ್ಬರೂ ಮಹಾರಾಣಿಯರು. ಹಿಂದಿನಿಂದ ಮುಳ್ಳುಹಂದಿಗಳು!

"ಏನೇ ಆದ್ರೂ ಬೆನ್ನು ತೋರಿಸಬೇಡಿ ಅತ್ತೆ."

"ಯುದ್ಧಕ್ಕೆ ಹೊರಟಿದೀವೇನೇ?"

"ಬಗ್ಗಬೇಡಿ. ಕೈ ಎತ್ತಬೇಡಿ."

"ಉಸಿರಾಡಬಹುದೋ?"

"ಸಣ್ಣಗೆ."

ಗಿರಾಕಿಗಳು ಬಂದರು. ಊರಿನ ಕುಳ್ಳಿಯರೆಲ್ಲ ಸೇರಿದ್ದರೇನೋ, ಮೇಲಿನಿಂದ ನೋಡಿದರೆ ಬರೀ ತಲೆಗಳ ತೋಟ. ಯಜಮಾನಿ ಮುಂದಿನ ಸಾಲಿನಲ್ಲಿ ಕೂತರು. ಗೊಂಬೆಯಕ್ಕ ಶುರು ಮಾಡಿದಳು ನೋಡಿ, ಸರಸ್ವತಿಯೇ ನಾಲಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂತ ಹಾಗೆ! ಗುಂಡಿ ಎಲ್ಲಿರಬೇಕು, ತೋಳು ಎಲ್ಲಿ ನಿಲ್ಲಬೇಕು, ಅಂಚು ಸೊಂಟದ ಮೂಳೆ ದಾಟಿದರೆ ಎಂಥಾ ಅನಾಹುತ. ಜನ ಚಪ್ಪಾಳೆ ತಟ್ಟಿದರು. ಯಜಮಾನಿ ತಲೆದೂಗಿದರು. ಮುಖ್ಯಸ್ಥೆಯ ಕುರ್ಚಿ ಎರಡು ಹೆಜ್ಜೆ ಹತ್ತಿರ ಬಂತು.

"ಹಿಂದೆ ಹೇಗಿದೆ? ಸ್ವಲ್ಪ ತಿರುಗಿ ನೋಡೋಣ" ಎಂದಳು ಕನ್ನಡಕದ ಹೆಂಗಸೊಬ್ಬಳು.

"ಹಿಂದಿನದ್ದನ್ನೆಲ್ಲ ಮರೀಬೇಕು ಕಣಮ್ಮ, ಯಾವಾಗಲೂ ಮುಂದೆ ನೋಡಬೇಕು!" ಎಂದು ಗೊಂಬೆಯಕ್ಕ ನಗುನಗುತ್ತಾ, ದೊರೆಯ ಎದುರಿನ ಸೇವಕನ ಹಾಗೆ ಹಿಂದಡಿ ಇಡುತ್ತಾ ಹೋದಳು. ಹೋಗಿ ಹೋಗಿ, ಕಿಟಕಿಯ ಗೊಂಬೆಗಳ ಹಿಂದೆ ಇಳಿಬಿಟ್ಟಿದ್ದ ಪರದೆಗೆ ಬೆನ್ನು ತಾಗಿತು. ಅಬ್ಬ, ಇನ್ನು ಭಯವಿಲ್ಲ ಎಂದುಕೊಂಡಳು. ಬೆನ್ನಿನ ಕ್ಲಿಪ್ಪುಗಳು ಪರದೆಯನ್ನು ಕಚ್ಚಿ ಹಿಡಿದದ್ದು ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆಯ ಮಂಡಿ ಮುಷ್ಕರ ಹೂಡಿತು. ಅತ್ತೆ ಈ ಕಾಲಿಂದ ಆ ಕಾಲಿಗೆ ಭಾರ ಹಾಕುವುದನ್ನು ಕಂಡು ಅದೇ ಕನ್ನಡಕದವಳು ಮರುಕದಿಂದ ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟಳು.

"ಕೂತ್ಕೊಳ್ಳಿ ಅಜ್ಜಿ, ಪಾಪ."

ಗೊಂಬೆಯಕ್ಕ ಕಣ್ಣು ಹೊಡೆದಳು. ಹುಬ್ಬು ಹಾರಿಸಿದಳು. ಕೆಮ್ಮಿದಳು. "ಸೊಸೆಗೆ ನೆಗಡಿ" ಎಂದು ಎಲ್ಲರಿಗೂ ತಿಳಿಸಿ ಅತ್ತೆ ಕೂತೇಬಿಟ್ಟರು.

ಗೊಂಬೆಗಳು ಕೂರುವುದಿಲ್ಲ. ಅತ್ತೆಯಂದಿರು ಕೂರುತ್ತಾರೆ. ಇಷ್ಟು ವರ್ಷದ ಅನುಭವದಲ್ಲಿ ಗೊಂಬೆಯಕ್ಕ ಕಲಿಯದೆ ಉಳಿದದ್ದು ಇದೊಂದೇ!

"ಅಯ್ಯಯ್ಯೋ ಸತ್ತೆ!"

ಅತ್ತೆ ಕುರ್ಚಿಯಿಂದ ಪುಟಿದರು ನೋಡಿ, ಆ ಕ್ಷಣ ಮಾತ್ರ ಮಗನಷ್ಟೇ ಎತ್ತರ ಇದ್ದರು. ಕ್ಲಿಪ್ಪುಗಳು ಹುರಿದ ಜೋಳದ ಹಾಗೆ ಪಟಪಟನೆ ಸಿಡಿದವು. ಒಂದು ಹೋಗಿ ಯಜಮಾನಿಯ ತುರುಬು ಕಚ್ಚಿತು. ಜಾಕೆಟ್ಟು ಸುರ್ರನೆ ಇಳಿದು ಅತ್ತೆಯ ಮಂಡಿ ತಲುಪಿತು.

"ಅತ್ತೇ!" ಎಂದು ಗೊಂಬೆಯಕ್ಕ ಮುಂದಕ್ಕೆ ಹಾರಿದಳು. ಅವಳ ಹಿಂದೆ ಪರದೆ ಬಂತು. ಪರದೆಯ ಹಿಂದೆ ಕೋಲು ಬಂತು. ಕೋಲು ಮೊದಲನೇ ಗೊಂಬೆಯ ನೆತ್ತಿಗೆ ಬಡಿಯಿತು, ಆ ಗೊಂಬೆ ಪಕ್ಕದವಳ ಮೇಲೆ ಬಿತ್ತು, ಅವಳು ತನ್ನ ಪಕ್ಕದವಳ ಮೇಲೆ. ಒಂದು ಕೈ ಕಳಚಿ ಉರುಳುತ್ತಾ ಬಂದು ಯಜಮಾನಿಯ ಪಾದ ಹಿಡಿಯಿತು. ಕ್ಷಮೆ ಕೇಳುವಂತಿತ್ತು!

ಸದ್ದಡಗಿದಾಗ ಗೊಂಬೆಗಳೆಲ್ಲ ಬೋರಲು ಬಿದ್ದಿದ್ದವು. ಸಾಲುಸಾಲು ಕ್ಲಿಪ್ಪಿನ ಬೆನ್ನುಗಳು ಊರಿಗೆಲ್ಲ ಕಾಣುತ್ತಿದ್ದವು. ಅವುಗಳ ನಡುವೆ, ಪರದೆಯೊಳಗಿಂದ ತಲೆ ಮಾತ್ರ ಹೊರಗಿಟ್ಟು, ಗೊಂಬೆಯಕ್ಕ. ಕೆಲಸ ಹೋಯಿತು, ಮಾನ ಹೋಯಿತು, ಭೂಮಿ ಬಾಯಿಬಿಟ್ಟರೂ ಈ ಪರದೆ ಸುತ್ತಿಕೊಂಡು ಒಳಗೆ ಹಿಡಿಯುವುದಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

ಮೊದಲು ಬಾಯಿಬಿಟ್ಟವಳು ಕನ್ನಡಕದವಳೇ.

"ಅಯ್ಯೋ ದೇವರೇ! ಈ ಕಿಟಕಿಯಲ್ಲಿ ನೋಡಿ ಮರುಳಾಗಿ ತಗೊಂಡ ಜಾಕೆಟ್ಟು ಮನೆಗೆ ಹೋಗ್ತಿದ್ದ ಹಾಗೆ ಗೋಣಿಚೀಲ ಆಗ್ತಿದ್ದದ್ದು ಇದಕ್ಕಾ? ನಾನು ಕನ್ನಡಿ ಮುಂದೆ ನಿಂತು ನನ್ನ ಮೈಯನ್ನೇ ಬೈಕೊಂಡಿದ್ನಲ್ಲೇ!"

"ನಾನು ಊಟ ಬಿಟ್ಟಿದ್ದೆ!" ಎಂದಳು ಇನ್ನೊಬ್ಬಳು.

"ನಾನು ನೇತಾಡಿದ್ರೆ ಉದ್ದ ಆಗ್ತೀನಿ ಅಂತ ಬಾಗಿಲಿಗೆ ಜೋತುಬಿದ್ದಿದ್ದೆ!"

ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಗೊಳ್ಳೆಂದಳು. ಆಮೇಲೆ ಇಡೀ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತುರುಬಿನಲ್ಲಿ ಕ್ಲಿಪ್ಪು ಅಲ್ಲಾಡಿಸುತ್ತಾ ಯಜಮಾನಿಯೂ ನಕ್ಕರು.

ನಗದವರು ಅತ್ತೆ ಒಬ್ಬರೇ. ಚುಚ್ಚಿದ ಜಾಗ ಉಜ್ಜಿಕೊಳ್ಳುತ್ತಾ ಅವರು ಗುಡುಗಿದರು: "ತಪ್ಪು ನಿಮ್ಮ ಮೈದಲ್ಲ ಕಣ್ರೇ, ಬಟ್ಟೇದು! ಮನುಷ್ಯರು ಕೂರ್ತಾರೆ, ಏಳ್ತಾರೆ, ಬಸ್ಸಿನ ಕಂಬಿಗೆ ಕೈ ಚಾಚ್ತಾರೆ. ಎಲ್ಲಿ, ನೀನು ಬಾ. ಜಾಕೆಟ್ಟು ಹಾಕ್ಕೋ. ಕೂತ್ಕೋ. ಏಳು. ಕೈ ಎತ್ತು. ಹ್ಞೂಂ, ನಿನಗೆ ಸೊಂಟದ ಮೂಳೆ ತನಕ ಸಾಕು. ನೀನು ಬಾ. ನಿಂಗೆ ಕಾಲು ಉದ್ದ, ನಡು ಗಿಡ್ಡ, ಒಂದು ಬೆರಳು ಕೆಳಗೆ ಬಿಡು. ಏ ಕನ್ನಡಕ, ನೀನು ಇನ್ಮೇಲೆ ಯಾರಿಗೂ ಕುರ್ಚಿ ಹಾಕಬೇಡ!"

ಹೆಂಗಸರು ಸಾಲು ನಿಂತರು. ಅತ್ತೆ ಸೀಮೆಸುಣ್ಣದಲ್ಲಿ ಗೆರೆ ಎಳೆದಲ್ಲೆಲ್ಲ, "ಇಲ್ಲಿಗೇ ಕತ್ತರಿಸಿ ಕೊಟ್ಟರೆ ಈಗಲೇ ತಗೋತೀವಿ" ಎಂದು ಯಜಮಾನಿಯನ್ನು ಮುತ್ತಿಕೊಂಡರು. ಸಂಜೆಯ ಹೊತ್ತಿಗೆ ಪೆಟ್ಟಿಗೆ ಖಾಲಿ. ಯಜಮಾನಿ ಗೊಂಬೆಯಕ್ಕನ ಹೆಗಲ ಮೇಲೆ ಕೈಯಿಟ್ಟು ಹೊಸ ವಿಭಾಗದ ಬಗ್ಗೆ ತಮ್ಮ ತೀರ್ಮಾನ ಹೇಳಿದರು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡ ಕೇಳಿದ, "ಏನಾಯ್ತೇ? ಕೆಲಸ ಸಿಕ್ತಾ?"

"ಸಿಕ್ತು. ಕಿಟಕಿಯಿಂದ ಬಿಡುಗಡೆ ಆಯ್ತು. ಸೋಮವಾರದಿಂದ ಹೊಸ ವಿಭಾಗ. ಇಡೀ ದಿನ ಜನರ ಜೊತೆ ಮಾತು."

"ಮತ್ತೆ ಮುಖ ಯಾಕೆ ಹಾಗೆ? ನೀನು ಕೇಳಿದ್ದೇ ಅದಲ್ವಾ?"

ಗೊಂಬೆಯಕ್ಕ ಬಾಯಿ ತೆರೆಯುವಷ್ಟರಲ್ಲಿ, ಒಳಗೆ ದಿಂಬಿನ ಮೇಲೆ ದಿಂಬಿಟ್ಟು ಹುಷಾರಾಗಿ ಕೂರುತ್ತಿದ್ದ ಅತ್ತೆಯ ದನಿ ಕೇಳಿಸಿತು:

"ಲೋ ಮಗ, ನಿನ್ನ ಹೆಂಡತಿಗೆ ಹೇಳು. ಸೋಮವಾರ ಹೊತ್ತಿಗೆ ಸರಿಯಾಗಿ ಬರಬೇಕು. ಮನೆಯಲ್ಲಾದ್ರೆ ಸೊಸೆ ಅಂತ ಬಿಡ್ತಿದ್ದೆ. ನನ್ನ ವಿಭಾಗದಲ್ಲಿ ಅದೆಲ್ಲ ನಡೆಯಲ್ಲ!"