ಘಟ್ಟ ಹತ್ತಿದ ಕಡಲಕಾಗೆ

ಸ್ವಲ್ಪ ತಡೆಯಿರಿ. ಬಿಳಿ ಕಾಗೆ ಕಂಡೆ ಎಂದ ಕೂಡಲೇ ನಗಬೇಡಿ. ನಗುವ ಜಾಗ ಮುಂದಿದೆ, ಬಂದಾಗ ನಾನೇ ಹೇಳುತ್ತೇನೆ. ಶರಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಸಾಗರ ಪೇಟೆಯ ಆಚೆ ಹಿನ್ನೀರು ನಿಂತಿತಲ್ಲ, ಅದರ ದಡದಲ್ಲಿ ಒಂದು ಚಳಿಗಾಲದ ಭಾನುವಾರ ನಾನು ಕಡಲಕಾಗೆ ಕಂಡದ್ದು ನಿಜ. ಆ ಮಾತಿನಿಂದ ಇವತ್ತಿಗೂ ಹಿಂದೆ ಸರಿಯುವವನಲ್ಲ.

ನಾನು ಅದೇ ಪೇಟೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್. ಸಂತೆಯಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ಒಂದು ಹಕ್ಕಿ ಪುಸ್ತಕವೇ ನನ್ನ ಗುರು. ನಾನು ಕಂಡ ಹಕ್ಕಿ ಅದರಲ್ಲಿದ್ದಂತೆಯೇ ಇತ್ತು: ಮೈ ಬಿಳಿ, ರೆಕ್ಕೆ ಬೂದು, ರೆಕ್ಕೆಯ ತುದಿ ಕಪ್ಪು, ಕೊಕ್ಕೂ ಕಾಲೂ ಕೆಂಪು, ಕಣ್ಣಿನ ಹಿಂದೆ ಕಾಡಿಗೆ ಒರೆಸಿದಂತೆ ಒಂದು ಮಚ್ಚೆ. ಬೇಸಿಗೆಗೆ ತಲೆಯಿಡೀ ಕಾಫಿಬಣ್ಣವಾಗುತ್ತದಂತೆ. ಮುಳುಗಿ ಮೀನು ಹಿಡಿಯುವ ಕಷ್ಟ ಅದಕ್ಕೆ ಬೇಡ. ದೋಣಿಯ ಹಿಂದೆ ಹಾರುತ್ತಾ, ಯಾರೋ ಎಸೆದದ್ದನ್ನು ನೀರಿನ ಮೇಲಿಂದಲೇ ಎತ್ತಿಕೊಳ್ಳುತ್ತದೆ. ಬೇರೆಯವರ ಬುತ್ತಿಗೆ ಕೈಹಾಕುವ ನನ್ನಂಥವನಿಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಸಹಜ.

ಸೋಮವಾರ ಆಫೀಸಿನಲ್ಲಿ ಹೇಳಿದೆ. ಪಕ್ಕದ ಮೇಜಿನ ಮಂಜಣ್ಣ ಕುಂದಾಪುರದ ಕಡೆಯವರು. ಅವರ ತಂದೆ ಜೀವಮಾನವೆಲ್ಲ ಕಡಲಲ್ಲಿ ದೋಣಿ ನಡೆಸಿದವರು.

“ನಿಂಗೆ ಮರ್ಲಾ ಮಾರಾಯಾ? ಕಡಲ್‌ಕಾಕಿ ಘಟ್ಟ ಹತ್ತುದಿಲ್ಲ. ಹತ್ರೆ ನನ್ನ ಅರ್ಧ ಮೀಸೆ ಬೋಳ್ಸ್ತೆ.”

“ಹಿಮಾಲಯ ದಾಟಿ ಬರೋ ಹಕ್ಕಿಗೆ ನಿಮ್ಮ ಹುಲಿಕಲ್ ಘಟ್ಟ ಯಾವ ಲೆಕ್ಕ ಮಂಜಣ್ಣ? ಇನ್ನೊಂದು, ಅದು ಕಾಗೆ ಜಾತಿಯೇ ಅಲ್ಲ. ಹೆಸರಷ್ಟೇ ಕಾಗೆ.”

ಈ ಎರಡನೆಯ ಮಾತನ್ನು ಆ ತಿಂಗಳಿಡೀ ಸಿಕ್ಕವರಿಗೆಲ್ಲ ಸಾರಿದೆ. ಚಹಾದಂಗಡಿಯವರು ನನ್ನನ್ನು ‘ಬಿಳಿ ಕಾಗೆ’ ಎಂದು ಕರೆಯತೊಡಗಿದರು. ಕರೆಯಲಿ.

ಅಷ್ಟರಲ್ಲಿ ಮಂಜಣ್ಣನ ತಂದೆಯ ಶ್ರಾದ್ಧ ಬಂತು. ಬಾಡಿಗೆ ಮನೆಯಲ್ಲಿ ಬೇಡವೆಂದು ಹಿನ್ನೀರಿನ ದಡದಲ್ಲೇ ಮಾಡಿಸಿದರು. ಸಾಮಾನು ಹೊರಲು ನಾನೂ ಹೋಗಿದ್ದೆ. ಕೊನೆಯಲ್ಲಿ ಕಾಗೆಗೆ ಎಡೆ ಇಟ್ಟು ಕಾದೆವು. ಭಟ್ಟರು ಕರೆದರು, ಮಂಜಣ್ಣ ಕರೆದರು, ನಾನೂ ಕಾ ಕಾ ಎಂದೆ. ಒಂದು ಕಾಗೆಯೂ ಬರಲಿಲ್ಲ. ಎಡೆಯನ್ನು ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಒದ್ದೆ ಪಂಚೆಯಲ್ಲಿ ನಿಂತ ಮಂಜಣ್ಣನ ಮುಖ ಸಣ್ಣಗಾಯಿತು.

“ಅಪ್ಪಯ್ಯನಿಗೆ ನನ್ನ ಮೇಲೆ ಎಂತ ಸಿಟ್ಟೊ,” ಎಂದರು.

ಆಗ ನೀರಿನ ಕಡೆಯಿಂದ ಬೆಳ್ಳಗೊಂದು ಹಾರಿಬಂತು. ಕೆಂಪು ಕೊಕ್ಕು. ಎಲೆಯಿಂದ ಅನ್ನ ಕಚ್ಚಿಕೊಂಡು ಹೋಯಿತು.

ಭಟ್ಟರು ಹುಬ್ಬು ಗಂಟಿಕ್ಕಿ ತಮ್ಮ ಹವ್ಯಕ ಮಾತಿನಲ್ಲಿ ಕೇಳಿದರು. “ಬೆಳ್ಳಗೆ ಇದ್ದು. ಇದು ಎಂತ ಕಾಗೆ?”

ಮಂಜಣ್ಣ ನನ್ನ ರಟ್ಟೆ ಹಿಡಿದರು. “ಕಡಲ್‌ಕಾಕಿ ಭಟ್ರೇ, ನಮ್ಮೂರಿಂದು. ನೀನ್ ಹೇಳ್ ಮಾರಾಯಾ, ನೀನ್ ಓದ್ಕಂಡವ. ಅದೂ ಕಾಕಿಯೇ ಅಲ್ದಾ?”

ನಗುವ ಜಾಗ ಇದೇ. ತಿಂಗಳಿಡೀ ಊರಿಗೆಲ್ಲ ಪಾಠ ಹೇಳಿದವನು ಭಟ್ಟರ ಕಣ್ಣು ತಪ್ಪಿಸಿ, “ಕಾಗೆಯೇ ಭಟ್ರೇ. ಕಡಲಿನ ಕಾಗೆ,” ಎಂದೆ.

ಮರುದಿನ ಮಂಜಣ್ಣ ಅರ್ಧ ಮೀಸೆಯಲ್ಲಿ ಆಫೀಸಿಗೆ ಬಂದರು. “ನಮ್ಮ ಅಪ್ಪಯ್ಯನ ಹುಡ್ಕಂಡ್ ಘಟ್ಟ ಹತ್ತಿ ಬಂತು ಕಾಣಿ,” ಎಂದು ಎಲ್ಲರಿಗೂ ಹೇಳಿದರು. ಗೆದ್ದವನು ನಾನು, ಆದರೆ ಹೆಮ್ಮೆಯೆಲ್ಲ ಅವರದು. ಈಗ ನಾನು ಅದು ಕಾಗೆಯಲ್ಲ ಎಂದರೆ ಚಹಾದಂಗಡಿಯವರು, “ಭಟ್ರ ಮುಂದೆ ಹೌದು ಅಂದ್ರಂತಲ್ಲ,” ಎನ್ನುತ್ತಾರೆ.

ಇರಲಿ, ಮತ್ತೆ ಹೇಳುತ್ತೇನೆ: ಅದು ಕಾಗೆಯಲ್ಲ. ನಿಮ್ಮೂರ ಕೆರೆಗೋ ಹೊಳೆಗೋ ಅದು ಬಂದದ್ದನ್ನು ಕಂಡಿದ್ದರೆ ದಯವಿಟ್ಟು ನನಗೊಂದು ಕಾಗದ ಹಾಕಿ. ಆಫೀಸಿನ ವಿಳಾಸಕ್ಕೆ ಮಾತ್ರ ಬೇಡ. ಟಪಾಲು ಒಡೆಯುವವರು ಮಂಜಣ್ಣ.