ಗೂಳಿದೊಡ್ಡಿಯ ಒಟ್ಟು ಜನಸಂಖ್ಯೆ

ಕೋಸಗಿ ಮಂಡಲದ ಗೂಳಿದೊಡ್ಡಿ ಗ್ರಾಮದ ಒಟ್ಟು ಜನಸಂಖ್ಯೆ ಮಾರ್ತಮ್ಮ. ಇದು ಸರ್ಕಾರಿ ಪರಿಶೀಲನೆಯಲ್ಲಿ ಸಾಬೀತಾದ ಸಂಗತಿ. ಇದಕ್ಕೆ ಯಾರ ತಕರಾರೂ ಬಂದಿಲ್ಲ. ತಕರಾರು ಮಾಡಬೇಕಾದವರು ಊರಿನಲ್ಲಿರಲಿಲ್ಲ.

ಮಾರ್ತಮ್ಮನ ಮೂಲ ಹೆಸರು ಮಾರ್ತಾ. ಪೋಲೆಂಡಿನಲ್ಲಿ ಟ್ರಾಮ್ ಓಡಿಸಿ ನಿವೃತ್ತಳಾಗಿ, ದೇಶ ನೋಡಲು ಬಂದವಳು ಕೋಸಗಿ ಸ್ಟೇಷನ್ನಿನಲ್ಲಿ ಉಗ್ಗಾಣಿ-ಬಜ್ಜಿ ತಿನ್ನಲು ಇಳಿದಳು. ಬಜ್ಜಿ ಬಿಸಿಯಿತ್ತು, ರೈಲಿಗೆ ಅವಸರವಿತ್ತು. ಅಂದು ಗೂಳಿದೊಡ್ಡಿಯ ಅಂಬಮ್ಮನ ಮನೆಯಲ್ಲಿ ಉಳಿದವಳು ಪಕ್ಕದ ಮನೆ ಬಾಡಿಗೆಗೆ ಹಿಡಿದು ಅಲ್ಲೇ ಇದ್ದುಬಿಟ್ಟಳು. ವರ್ಷಕ್ಕೊಮ್ಮೆ ವೀಸಾಕ್ಕಾಗಿ ಕರ್ನೂಲಿನಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತು, "ಎಲ್ಲಿಂದ ಬಂದಿರಿ? ಎಷ್ಟು ದಿನ ಇರ್ತೀರಿ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಬರುವುದೊಂದೇ ಆಕೆಗಿದ್ದ ಕಷ್ಟ.

ಬೇರೆ ಸೀಮೆಯಲ್ಲಿ ಸುಗ್ಗಿ ಎಂದರೆ ಫಸಲು ಮನೆಗೆ ಬರುವ ಕಾಲ. ಇಲ್ಲಿ ಸುಗ್ಗಿಗೆ ಹೋಗುವುದೆಂದರೆ ಮನೆಗೆ ಬೀಗ ಜಡಿದು, ಮಕ್ಕಳು ಮುದುಕರ ಸಮೇತ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವುದು. ಹೋಗುವ ಮುನ್ನ ಎಲ್ಲರೂ ಕೀಲಿಕೈಗಳನ್ನು ಮಾರ್ತಮ್ಮನಿಗೆ ಕೊಟ್ಟು ಹೋಗುವರು. ಆಕೆ ಅವನ್ನೆಲ್ಲ ಒಂದು ಹಗ್ಗಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳುವಳು. ಆಕೆ ನಡೆದರೆ ಊರಿಗೆ ಊರೇ ಗಲಗಲ ಎನ್ನುತ್ತಿತ್ತು.

ಸಂಕ್ರಾಂತಿ ಮುಗಿದ ವಾರ ನಿವಾಸಿಗಳ ಪರಿಶೀಲನೆ ಬಂತು. ನಿಯಮ ಸರಳವಾಗಿತ್ತು: ಅಧಿಕಾರಿ ಬಂದಾಗ ಮನೆಯ ಕೀಲಿಕೈ ಯಾರ ಬಳಿ ಇರುತ್ತದೋ ಅವರೇ ಆ ಮನೆಯ ನಿವಾಸಿ. ಆದೋನಿಯಲ್ಲಿ ಮನೆ ಮಾಡಿಕೊಂಡು ತಿಂಗಳಿಗೊಮ್ಮೆ ಬರುತ್ತಿದ್ದ ಪಂಚಾಯತಿ ಕಾರ್ಯದರ್ಶಿ ಸಿದ್ದಲಿಂಗೇಶ್ ಓಣಿಯ ತುದಿಯಲ್ಲಿ ನಿಂತು ಕೇಳಿದ:

"ಈ ಮನಿ ಕೀಲಿಕೈ ಯಾರತ್ರ ಐತಿ?"

"ನನ್ನತ್ರ."

"ಆ ಮನೀದು?"

"ಎಲ್ಲಾ ನನ್ನತ್ರನೇ ಅದಾವ್ರಿ ಸಾರ್. ಆದ್ರ ನಾ ಪರದೇಶದಾಕಿ."

"ಅದನ್ನ ನಿಯಮದಾಗ ಕೇಳಿಲ್ಲಮ್ಮ."

ಮರುವಾರ ಗ್ರಾಮಸಭೆ ನೂರಕ್ಕೆ ನೂರು ಹಾಜರಾತಿಯಲ್ಲಿ ನಡೆಯಿತು. ಚರಂಡಿಯ ಬಗ್ಗೆ ಸಭಿಕರಾದ ಮಾರ್ತಮ್ಮ ಎತ್ತಿದ ಆಕ್ಷೇಪಣೆಯನ್ನು ಅಧ್ಯಕ್ಷೆಯಾದ ಮಾರ್ತಮ್ಮ ತಳ್ಳಿಹಾಕಿದರೆಂದು ಕಾರ್ಯದರ್ಶಿ ಬರೆದುಕೊಂಡ. ಊರಿನ ಅಷ್ಟೂ ಮನೆಗಳ ರೇಷನ್ ಅಕ್ಕಿಗೆ ಆಕೆಯ ಒಂದೇ ಹೆಬ್ಬೆಟ್ಟು ಸಾಕಾಯಿತು. ಅಕ್ಕಿ ಮಾತ್ರ ಊರಿಗೆ ಬರುವ ತೊಂದರೆ ತೆಗೆದುಕೊಳ್ಳದೆ ಆದೋನಿಯಲ್ಲೇ ಬೇರೆ ಲಾರಿ ಹತ್ತುತ್ತಿತ್ತು. ಒಬ್ಬ ಹೆಂಗಸು ತಿಂಗಳಿಗೊಂದು ಲಾರಿ ಅಕ್ಕಿ ಉಣ್ಣುವುದನ್ನು ಕಂಡು ಮೇಲಿನವರು ಗಾಬರಿಯಾಗಿ ವೈದ್ಯರನ್ನು ಕಳಿಸಿದರು. ವೈದ್ಯರು ನಾಡಿ ಹಿಡಿದು ನೋಡಿ, "ಹಸಿವು ಚೆನ್ನಾಗಿದೆ" ಎಂದು ಪ್ರಮಾಣಪತ್ರ ಕೊಟ್ಟು, ಸಿದ್ದಲಿಂಗೇಶ್ ಕೊಟ್ಟ ಚೀಲ ಹೊತ್ತು ಹೊರಟರು.

ಹೀಗಿರುವಾಗ ಪೋಲೆಂಡಿನಿಂದ ತಂಗಿ ಎವಾ ಫೋನು ಮಾಡಿದಳು. ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯನ್ನು ಮುಂದೂಡುತ್ತಲೇ ಬಂದವಳು, ಅರವತ್ತು ದಾಟಿದ ಮೇಲೆ ಈಗ ಬೀದಿ ಕೊನೆಯ ಬೇಕರಿಯವನನ್ನು ಮದುವೆಯಾಗುತ್ತಿದ್ದಳು. "ನೀನು ಪಕ್ಕದಲ್ಲಿ ನಿಲ್ಲದಿದ್ದರೆ ನಾನು ಒಲ್ಲೆ" ಎಂದಳು. ಮಾರ್ತಮ್ಮ ಫೋನು ಇಟ್ಟು ಖುಷಿಗೆ ಅತ್ತಳು. ವಿಮಾನದ ಟಿಕೆಟ್ಟನ್ನೂ ತೆಗೆಸಿದಳು. ಹೆಬ್ಬೆಟ್ಟಿಗೆ ಬಂದ ಸಿದ್ದಲಿಂಗೇಶನಿಗೆ ಸುದ್ದಿ ಹೇಳಿದಳು.

"ಎಲ್ಲಿಗೆ ಹೋಗ್ತೀರಮ್ಮ? ಜನಸಂಖ್ಯೆ ಊರು ಬಿಟ್ಟು ಹೋಗಂಗಿಲ್ಲ."

"ಸ್ವಂತ ತಂಗಿ ಮದುವಿ ಐತ್ರಿ."

"ಚಾಲಾ ಸಂತೋಷಂ. ಆದ್ರ ನೀವು ಹೋದ್ರ ಊರು ಸೊನ್ನಿ ಆಗತೈತಿ. ಸೊನ್ನಿ ಊರಿಗೆ ಬಸ್ಸಿಲ್ಲ, ಸಾಲಿ ಇಲ್ಲ, ಅಕ್ಕಿ ಇಲ್ಲ." ಅಕ್ಕಿ ಎನ್ನುವಾಗ ಆತ ಕಣ್ಣೊರೆಸಿಕೊಂಡ. "ಇಷ್ಟು ಮಂದೀನ ನಡುನೀರಾಗ ಕೈಬಿಡ್ತೀರೇನು?"

ಮಾರ್ತಮ್ಮ ಗುಂಟೂರಿನಲ್ಲಿದ್ದ ಅಂಬಮ್ಮನಿಗೆ ಫೋನು ಹಚ್ಚಿ, ನೀನಾದರೂ ಬಂದು ಒಂದು ತಿಂಗಳು ಜನಸಂಖ್ಯೆಯಾಗಿರು ಎಂದು ಬೇಡಿಕೊಂಡಳು.

"ನಾ ಬಂದ್ರ ನಾ ಸಿಕ್ಕೊಂತೀನಿ ಅಕ್ಕಾ, ಮಕ್ಕಳೆಲ್ಲ ಇಲ್ಲೇ ಅದಾರ" ಎಂದಳು ಅಂಬಮ್ಮ. ಆಮೇಲೆ ಸ್ವಲ್ಪ ಯೋಚಿಸಿ, "ಕೀಲಿಕೈ ಯಾರತ್ರ ಐತೋ ಅವರೇ ಅಲ್ಲೇನು? ಬ್ಯಾರೆಯವರ ಕೈಯಾಗ ಕೊಡು" ಎಂದಳು.

"ಊರಾಗ ಯಾರದಾರ?"

"ಹೆಬ್ಬೆಟ್ಟು ಒತ್ತಿಸ್ಕೊಳ್ಳಾಕ ಒಬ್ಬಾತ ಬರ್ತಾನಲ್ಲ."

ಮಾರ್ತಮ್ಮ ಹೊರಡುವ ದಿನವೇ ಮರುಪರಿಶೀಲನೆಗೆ ಮಂಡಲದ ಅಧಿಕಾರಿ ಲಕ್ಷ್ಮಿದೇವಿ ಖುದ್ದಾಗಿ ಬಂದರು. ಅವರ ಹಿಂದೆ ಸಿದ್ದಲಿಂಗೇಶ್ ಕೈಕಟ್ಟಿ ನಿಂತಿದ್ದ. ಮಾರ್ತಮ್ಮ ಬಸ್ಸು ನಿಲ್ಲುವ ಬೇವಿನ ಮರದಡಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ದೂರದಲ್ಲಿ ಬಸ್ಸಿನ ಧೂಳು ಕಂಡಿತು.

"ಸಾರ್, ಸೀರಿ ಬಿಗಿ ಮಾಡ್ಕೊಂತೀನಿ, ಇದಿಷ್ಟು ಹಿಡ್ಕೋರಿ" ಎಂದು ಸೊಂಟದ ಹಗ್ಗ ಬಿಚ್ಚಿ ಸಿದ್ದಲಿಂಗೇಶನ ಕೈಗೆ ಕೊಟ್ಟಳು. ದೊಡ್ಡವರ ಮುಂದೆ ಹೆಂಗಸರ ಮಾತು ತೆಗೆದುಹಾಕಬಾರದೆಂದು ಆತ ಹಿಡಿದುಕೊಂಡ.

ಲಕ್ಷ್ಮಿದೇವಿ ಟ್ಯಾಬಿನಿಂದ ತಲೆಯೆತ್ತಿದರು. "ಕೀಲಿಕೈ ಯಾರತ್ರ ಅದಾವ?"

"ನನ್ನತ್ರ ಮೇಡಂ. ಆದ್ರ..."

"ಆದ್ರ ಅನ್ನೋದು ನಿಯಮದಾಗಿಲ್ಲ" ಎಂದು ಅವರು ಟ್ಯಾಬು ಒತ್ತಿದರು. ಮಾರ್ತಮ್ಮ ಬಸ್ಸು ಹತ್ತಿದಳು.

ಮದುವೆಯಲ್ಲಿ ಆಕೆ ತಂಗಿಯ ಪಕ್ಕದಲ್ಲೇ ನಿಂತಳು, ರೇಷ್ಮೆ ಸೀರೆ ಉಟ್ಟು. ಇತ್ತ ಸಿದ್ದಲಿಂಗೇಶ್ ಆದೋನಿಯ ಮನೆಗೆ ಹೋಗಿಬರಲು ರಜೆ ಕೇಳಿದ. "ಜನಸಂಖ್ಯೆಗೆ ರಜೆಯ ಸೌಲಭ್ಯ ಇರುವುದಿಲ್ಲ" ಎಂದು ಉತ್ತರ ಬಂತು. ಭಾನುವಾರಗಳಂದು ಹೆಂಡತಿ ಗಂಗೋತ್ರಿ ಬುತ್ತಿ ತರುತ್ತಿದ್ದಳು, ಹೊರಗಿನವಳೆಂದು ಹೆಸರು ಬರೆಸಿ ಗಂಡನ ಎದುರು ಕೂರುತ್ತಿದ್ದಳು. ಅಕ್ಕಿಯ ಹೆಬ್ಬೆಟ್ಟು ಈಗ ಆತನದೇ; ಬೇರೊಬ್ಬ ಕಾರ್ಯದರ್ಶಿ ಬಂದು ಒತ್ತಿಸಿಕೊಂಡು ಹೋಗುತ್ತಿದ್ದ.

ಯುಗಾದಿಗೆ ಊರವರು ಮರಳಿದರು. ಹೊರಗಿನವರೆಂದು ಹೆಸರು ಬರೆಸಲು ಬೇವಿನ ಮರದಡಿ ಸಿದ್ದಲಿಂಗೇಶನ ಮುಂದೆ ಸಾಲು ನಿಂತಿತು, ಯಾರೂ ನೂಕಾಡಲಿಲ್ಲ.

"ಎಲ್ಲಿಂದ ಬಂದ್ರಿ? ಎಷ್ಟು ದಿನ ಇರ್ತೀರಿ?"

"ಗುಂಟೂರಿಂದ ಸಾರ್. ಮುಂದಿನ ಸುಗ್ಗಿ ತನಕ" ಎಂದಳು ಅಂಬಮ್ಮ.

"ತಾಯಿ, ನಿಮ್ಮ ಕೀಲಿಕೈ ನೀವೇ ಇಟ್ಕೊಂಬಿಡ್ರಿ" ಎಂದು ಆತ ಅಂಗಲಾಚಿದ.

ಅಂಬಮ್ಮ ಬೀಗ ತೆಗೆದು ಬಂದು, ಎರಡೂ ಕೈಯಿಂದ ಕೀಲಿಕೈ ವಾಪಸು ಕೊಟ್ಟಳು. "ನಿಮ್ಮತ್ರನೇ ಇರ್ಲಿ ಸಾರ್. ಊರಂದ ಮ್ಯಾಲೆ ಒಬ್ಬರಾದ್ರೂ ಇರಬೇಕಲ್ರಿ." ಹಿಂದಿದ್ದವರೂ ಹಾಗೆಯೇ ಮಾಡಿದರು.

ಸಾಲಿನ ಕೊನೆಗೆ ಪೆಟ್ಟಿಗೆ ಹಿಡಿದು ಮಾರ್ತಮ್ಮ ನಿಂತಿದ್ದಳು.

"ಎಷ್ಟು ದಿನ ಇರ್ತೀರಿ?"

"ಸಾಯೋತನಕ."

'ತಾತ್ಕಾಲಿಕ' ಎಂದು ಬರೆದುಕೊಂಡು ಸಿದ್ದಲಿಂಗೇಶ್ ಆಕೆಯನ್ನು ಊರೊಳಗೆ ಬಿಟ್ಟ.