ಮುನ್ನೂರು ವರ್ಷಕ್ಕೆ ತಲೆಯಾಡಿಸಿದ ಹುಡುಗಿ

ಹೇಳಿದ ಬೆಲೆಗೆ ಸುಮ್ಮನೆ ತಲೆಯಾಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಇಪ್ಪತ್ತು ವರ್ಷ ಸಂತೆಯಲ್ಲಿ ದನದ ದಳ್ಳಾಳಿಯಾಗಿ ಅನ್ನ ತಿಂದವನ ಮಾತು ಕೇಳಿ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವಲ್ ಹಾಕಿಕೊಂಡು ಅದರಡಿಯಲ್ಲಿ ಬೆರಳು ಒತ್ತಿ ತಿಳಿಸುತ್ತೇವೆ. ನಾನು ಐದು ಬೆರಳು ಹಿಡಿದರೆ ನೀವು ಎರಡು ಹಿಡಿಯಬೇಕು. ನಾನು ಕೈ ಕಿತ್ತುಕೊಂಡು ನಾಲ್ಕು ಹೆಜ್ಜೆ ನಡೆದುಬಿಡಬೇಕು, ನೀವು ಕೂಗಿ ಕರೆಯಬೇಕು. ಕೊನೆಗೆ ಮೂರಕ್ಕೆ ಬಂದು ನಿಂತಾಗ ಇಬ್ಬರಿಗೂ ಗೆದ್ದ ಸಮಾಧಾನ. ಮೊದಲು ಏರಿಸಿ ಹೇಳುವುದು ನನ್ನ ಕೆಲಸ, ಇಳಿಸುವುದು ನಿಮ್ಮ ಕೆಲಸ. ಇಳಿಸದೆ ‘ಸರಿ’ ಅಂದುಬಿಟ್ಟರೆ ನಾನು ಆ ದಿನ ಊಟ ಮಾಡಲಾರೆ. ಇನ್ನೂ ಏರಿಸಿ ಹೇಳಬೇಕಾಗಿತ್ತಲ್ಲ ಎಂದು ಲೆಕ್ಕ ಹಾಕುತ್ತ ಕೂತಿರುತ್ತೇನೆ.

ಘಟ್ಟದ ಕೆಳಗಿನ ಸತ್ಯಮಂಗಲದ ಶಾಲಿನಿ ಎಂಬ ಹುಡುಗಿ ನನಗೆ ಮಾಡಿದ್ದು ಇದನ್ನೇ. ಅವಳು ವೆಬ್‌ಸೈಟ್ ಮಾಡುವವಳು. ನಾನು ತಾಳವಾಡಿ ಪಕ್ಕದ ದೊಡ್ಡಗಾಜನೂರಿನಲ್ಲಿ ಕುದುರೆ ಸವಾರಿ ಶಾಲೆ ನಡೆಸುವವನು. ದನದ ದಳ್ಳಾಳಿ ಕುದುರೆಗೆ ಯಾಕೆ ಬಂದ ಎಂದು ಕೇಳುತ್ತೀರಿ. ನಂಜನಗೂಡಿನ ಕಡೆ ಎತ್ತು ನೋಡಲು ಹೋಗಿದ್ದಾಗ ಗೌರಿ ಎಂಬ ಹೆಣ್ಣು ಕುದುರೆ ಒಳ್ಳೆಯ ಬೆಲೆಗೆ ಸಿಕ್ಕಿತು, ಅದರ ಜಟಕಾವನ್ನೂ ಸೇರಿಸಿ ಕೊಂಡೆ. ಮನೆಗೆ ತಂದ ಮೇಲೆ ಮೂರು ದಿನ ಅದು ಹುಲ್ಲು ಮುಟ್ಟಲಿಲ್ಲ. ನಾಲ್ಕನೆಯ ದಿನ ಅದರ ಹಳೆಯ ಒಡೆಯ ಜವರಣ್ಣನನ್ನು ಕರೆಸಿದೆ. ಅವನು ಅದರ ಕಿವಿಯ ಹಿಂದೆ ಕೆರೆದ, ಅದು ತಿಂದಿತು. ಅವನು ಹೊರಟ, ಅದು ಬಾಯಿ ಮುಚ್ಚಿತು. ಹೀಗೆ ಕುದುರೆಯ ಬೆಲೆಯಲ್ಲಿ ನನಗೆ ಒಬ್ಬ ಮನುಷ್ಯನೂ ಸಿಕ್ಕ, ಮನೆಮಂದಿಯ ಜೊತೆ ನಮ್ಮೂರಿಗೇ ಬಂದು ನೆಲೆಸಿದ. ಈ ಎಂಟು ವರ್ಷಗಳಲ್ಲಿ ಕುದುರೆ ಐದಾಗಿವೆ. ರೆಸಾರ್ಟಿಗೆ ಬಂದವರು, ಶಾಲೆಯ ಮಕ್ಕಳು ಬಂದು ಕಲಿಯುತ್ತಾರೆ. ಕಲಿಸುವವನು ಜವರಣ್ಣ. ನನ್ನ ಕೆಲಸ ಬಂದವರಿಗೆ ಸಲಹೆ ಕೊಡುವುದು.

ಊಟಿ ಕಡೆಯ ಒಂದು ಕುದುರೆ ಶಾಲೆಯ ವೆಬ್‌ಸೈಟನ್ನು ಯಾರೋ ತೋರಿಸಿದರು. ಕಂದು ಕಾಗದದ ಬಣ್ಣ, ದೊರೆಗಳ ಚಿತ್ರ, ಹಳೆಯ ಕಾಲದ ಅಕ್ಷರ. ನನಗೂ ಅಂಥದ್ದೇ ಬೇಕು ಅಂದೆ. ಶಾಲಿನಿ ದಿಂಬದ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ಬಂದು, ಎರಡು ಲೋಟ ನಿಂಬೆ ಪಾನಕ ಕುಡಿದು, ತಲೆಸುತ್ತು ನಿಂತ ಮೇಲೆ ಲ್ಯಾಪ್‌ಟಾಪ್ ತೆರೆದಳು.

“ನಿಮ್ಮ ಶಾಲೆಯ ಚರಿತ್ರೆ ಎಷ್ಟು ವರ್ಷದ್ದು ಸಾರ್?”

ಒಳ್ಳೆಯ ಹಸು ಮಾರುವ ಮುಖ ಮಾಡಿಕೊಂಡು “ಮುನ್ನೂರು” ಅಂದೆ. ಅವಳು ನಕ್ಕು “ಏನ್ ಸಾರ್, ಮೂವತ್ತು ಅನ್ನಿ” ಅನ್ನಬೇಕಿತ್ತು. ನಾನು “ಹೋಗಲಿ, ಹದಿನೈದು ಹಾಕಮ್ಮ” ಅನ್ನಬೇಕಿತ್ತು. ಮಾತು ಎಂಟಕ್ಕೆ ಬಂದು ನಿಲ್ಲಬೇಕಿತ್ತು. ಅವಳು ತನ್ನ ತಮಿಳಲ್ಲಿ “ಸರಿಂಗ ಸಾರ್” ಎಂದು ಟೈಪ್ ಮಾಡಿಕೊಂಡಳು.

ನನಗೆ ಪಶ್ಚಾತ್ತಾಪವಾಯಿತು. ಸುಳ್ಳು ಹೇಳಿದೆನಲ್ಲ ಎಂದಲ್ಲ, ಕಡಿಮೆ ಹೇಳಿದೆನಲ್ಲ ಎಂದು. ಇಷ್ಟು ಸಲೀಸಾಗಿ ಮುನ್ನೂರಕ್ಕೆ ಒಪ್ಪುವವಳು ಇನ್ನೆಷ್ಟಕ್ಕೆ ಒಪ್ಪುತ್ತಿದ್ದಳೋ. ಆ ನಷ್ಟ ತುಂಬಿಕೊಳ್ಳಲು “ನಮ್ಮ ತಾತನ ತಾತ ದಳವಾಯಿ” ಅಂದೆ. “ಸರಿಂಗ.” “ಅವರ ಹತ್ತಿರ ಐನೂರು ಕುದುರೆ.” “ಸರಿಂಗ.” “ಕೋಟೆ ಇತ್ತು.” ಅವಳು ತಲೆಯೆತ್ತಿದಳು. ಸದ್ಯ, ಈಗ ಇಳಿಸುತ್ತಾಳೆ ಎಂದುಕೊಂಡೆ. “ಕೋಟೆ ಈಗ ಎಲ್ಲಿ ಸಾರ್?” ಅಂದಳು. “ಬಿದ್ದುಹೋಯಿತು” ಅಂದೆ. ಅದನ್ನೂ ಬರೆದುಕೊಂಡಳು. ಅಷ್ಟರಲ್ಲಿ ಹೊರಗೆ ಗೌರಿಯ ಮೈ ತಿಕ್ಕುತ್ತಿದ್ದ ಜವರಣ್ಣನತ್ತ ಬೆರಳು ತೋರಿಸಿ “ಅವರು?” ಅಂದಳು. “ದಳವಾಯಿಯ ಈಟಿ ಹಿಡಿಯುತ್ತಿದ್ದವರ ವಂಶ” ಅಂದೆ. ಅವಳು ಹೊರಗೆ ಹೋಗಿ ಅವನ ಫೋಟೋ ತೆಗೆದುಕೊಂಡಳು.

ಒಳಗಿನಿಂದ ನನ್ನ ಹೆಂಡತಿ ಮಾದೇವಿ ಎಲ್ಲ ಕೇಳಿಸಿಕೊಂಡಿದ್ದಳು. ಹುಡುಗಿ ಹೋದ ಮೇಲೆ ಕೇಳಿದಳು, “ಅಲ್ಲಾ, ನಿಮ್ ತಾತ ಆಡು ಕಾಯ್ತಿದ್ರು ಅಂತ ನಮ್ಮತ್ತೆ ಏಳ್ತಿದ್ರು. ದಳವಾಯಿ ಯಾವಾಗ ಆದ್ರು?”

“ಅವಳು ಇಳಿಸ್ತಾಳೆ ಅಂತ ಏಳ್ದೆ ಕಣೆ.”

“ಅವ್ಳಿಗೇನ್ ಗೊತ್ತು, ಪಾಪ. ಓದಿರೋ ಉಡ್ಗಿ, ಏಳಿದ್ದನ್ನ ನಂಬ್ತಾಳೆ.”

ವೆಬ್‌ಸೈಟ್ ಬಂತು. ತೆರೆದರೆ ಕುದುರೆ ಓಡುವ ಸದ್ದು. ಅರಿಶಿನದ ನೀರಲ್ಲಿ ಅದ್ದಿ ತೆಗೆದಂಥ ಕಾಗದ, ಅಡ್ಡಡ್ಡ ಎರಡು ಕತ್ತಿ, ಬಿದ್ದುಹೋದ ಕೋಟೆಯ ಚಿತ್ರ. ನಮ್ಮ ಫೋನ್ ನಂಬರ್ ಮಾತ್ರ ಎಲ್ಲೂ ಇಲ್ಲ. ಕೋಟೆಯ ಬಾಗಿಲು ಒತ್ತಿ, ಒಳಗೆ ಗುರಾಣಿ ಒತ್ತಿ, ಅದರ ಹಿಂದೆ ಹುಡುಕಬೇಕು. ನೀವೂ ವೆಬ್‌ಸೈಟ್ ಮಾಡಿಸುವವರಾದರೆ ಒಂದು ಮಾತು ನೆನಪಿಡಿ. ಮೊದಲು ಫೋನ್ ನಂಬರ್ ಹಾಕಿಸಿ, ಆಮೇಲೆ ಪೂರ್ವಜರನ್ನು ಹಾಕಿಸಿ.

ಮಾರನೆಯ ದಿನದಿಂದ ನನಗೆ ತಾಳವಾಡಿಯಲ್ಲಿ ತಲೆಯೆತ್ತಿ ನಡೆಯಲಾಗಲಿಲ್ಲ. ಟೀ ಅಂಗಡಿಯಲ್ಲಿ ತಿಗನಾರೆಯ ಸಿದ್ದ ಎದ್ದು ನಿಂತು ಬೆಂಚು ಒರೆಸಿದ. “ಬನ್ನಿ ದಳವಾಯಿಗಳೆ, ಕೂತ್ಕಳಿ. ನಮ್ ಒಲಕ್ಕೆ ದಿನಾ ಆನೆ ಬೀಳ್ತದೆ. ನಿಮ್ ಐನೂರು ಕುದ್ರೇಲಿ ಒಂದ್ನೂರು ಕಳ್ಸಿಕೊಡಿ.” ಪಕ್ಕದೂರು ಗುಮಟಾಪುರದವರು ದೀಪಾವಳಿ ಕಳೆದ ಮೇಲೆ ಹಬ್ಬವೆಂದು ಸಗಣಿಯಲ್ಲಿ ಹೊಡೆದಾಡಿ, ಕೆರೆಯಲ್ಲಿ ಮಿಂದು, ನಗುತ್ತ ಮನೆಗೆ ಹೋಗುತ್ತಾರೆ. ನನ್ನ ಮೇಲೆ ಬಿದ್ದದ್ದು ಮಿಂದರೂ ಹೋಗುವಂಥದ್ದಲ್ಲ. ಅದೇ ಹೊತ್ತಿಗೆ ಚಾಮರಾಜನಗರದ ಒಂದು ಶಾಲೆಯ ಮೇಡಂ, ಗುರಾಣಿಯ ಹಿಂದಿನ ನಂಬರನ್ನು ಹೇಗೋ ಹುಡುಕಿ ಫೋನ್ ಮಾಡಿದರು. ಶನಿವಾರ ಐವತ್ತು ಮಕ್ಕಳನ್ನು ಕರೆತರುತ್ತಾರಂತೆ, ಕೋಟೆ ನೋಡಲು.

ಇದನ್ನೆಲ್ಲ ನಾನು ಸಂಭಾಳಿಸುತ್ತಿದ್ದೆ. ಕೋಟೆ ಬಿದ್ದುಹೋಗಿದೆ ಎಂದು ಬರೆದೇ ಇದೆಯಲ್ಲ. ಆದರೆ ಗುರುವಾರ ಜವರಣ್ಣ ಕೆಲಸಕ್ಕೆ ಬರಲಿಲ್ಲ. ಗೌರಿ ಜೀನು ಕಟ್ಟಲು ಹೋದ ನನ್ನ ಭುಜ ಕಚ್ಚಿತು. ಮಿಕ್ಕ ನಾಲ್ಕು ಕುದುರೆಗಳೂ ಅದರ ಮುಖ ನೋಡಿ ಮುಖ ತಿರುಗಿಸಿದವು. ಜವರಣ್ಣ ಇಲ್ಲದೆ ಶನಿವಾರ ಇಲ್ಲ, ಶನಿವಾರವೇನು, ಶಾಲೆಯೇ ಇಲ್ಲ ಎಂದು ಆಗ ಹೊಳೆಯಿತು.

ಶುಕ್ರವಾರ ಅವನ ಮನೆಗೆ ಹೋದೆ. ಅವನ ಮೊಮ್ಮಗಳು ವೆಬ್‌ಸೈಟನ್ನು ಅವನಿಗೆ ಓದಿ ಹೇಳಿದ್ದಳಂತೆ. ಫೋಟೋದಲ್ಲಿ ಅವನ ತಲೆಗೆ ರುಮಾಲು, ಕೈಗೆ ಈಟಿ ಅಂಟಿಸಿದ್ದರು. ಅವನು ಜಗಲಿಯ ಮೇಲೆ ಕೂತಿದ್ದ, ನನ್ನ ಕಡೆ ನೋಡಲಿಲ್ಲ. ನಾನು ಪಕ್ಕದಲ್ಲಿ ಕೂತು, ಅಭ್ಯಾಸಬಲದಿಂದ ಟವಲ್ ಅವನ ಕೈ ಮೇಲೆ ಹಾಕಿ ಬೆರಳು ಹಿಡಿಯಲು ಹೋದೆ. ಅವನು ಕೈ ಎಳೆದುಕೊಂಡ.

“ಇದು ಯಾಪಾರ ಅಲ್ಲ ಕಣ ಬಸಪ್ಪ. ನಮ್ಮಪ್ಪ ನಲವತ್ತು ವರ್ಸ ನಂಜನಗೂಡು ಟೇಸನ್ನಿಂದ ದೇವಸ್ಥಾನಕ್ಕೆ ಜಟಕಾ ಒಡ್ದ. ಒಂದ್ ದಿನಾನೂ ಕುದ್ರೆ ಮೇಲೆ ಚಾಟಿ ಬಿಡ್ಲಿಲ್ಲ. ನಂಗೆ ಅವ್ನು ಬುಟ್ಟೋಗಿದ್ದು ಅದೊಂದೇ. ನೀನು ಅವನ್ನ ತಗ್ದು ಯಾವನೋ ಈಟಿಯವನ್ನ ಕೂರ್ಸಿದ್ದೀಯೆ. ಈಗ ನಾನು ಯಾರ ಮಗ, ನೀನೇ ಏಳು.”

ಮಾತಿಗೆ ಮಾತು ಕೊಡುವುದು ನನ್ನ ಕಸುಬು. ಎದುರು ಮಾತು ಸಿಗದಿದ್ದರೆ ಸಿಟ್ಟು ಬೇರೆಯವರ ಮೇಲೆ ತಿರುಗುತ್ತದೆ. ಅಲ್ಲೇ ಅವನ ಎದುರಿಗೇ ಫೋನಿನ ಸ್ಪೀಕರ್ ಹಾಕಿ ಶಾಲಿನಿಗೆ ಕೂಗಾಡಿದೆ.

“ನೀವೇ ಹೇಳಿದ್ರಲ್ಲ ಸಾರ್.”

“ನಾನು ಹೇಳ್ತೀನಿ ಕಣಮ್ಮ, ಇಳಿಸಬೇಕಾದವಳು ನೀನು. ನಿಮ್ಮ ಮನೆಯಲ್ಲಿ ಯಾರೂ ಸಂತೆಗೆ ಹೋಗೋದಿಲ್ವಾ?”

“ನನಗೆ ಆ ಪದ್ಧತಿ ಗೊತ್ತಿಲ್ಲ ಸಾರ್. ಈಗ ಎಷ್ಟು ಹಾಕಲಿ?”

“ನೂರೈವತ್ತು.” ಅವಳು ಮಾತಾಡಲಿಲ್ಲ. “ಎಂಬತ್ತು.” ಮಾತಿಲ್ಲ. ಎಂಥ ವ್ಯಾಪಾರಿಯೂ ಇಂಥ ಮೌನದ ಎದುರು ನಿಲ್ಲಲಾರ. ಪಕ್ಕದಲ್ಲಿ ಜವರಣ್ಣ ಟವಲಿನ ಅಂಚು ತಿರುವುತ್ತ ಕೂತಿದ್ದ.

“ಬರಕೊಳಮ್ಮ” ಅಂದೆ. “ಕೋಟೆ ತೆಗಿ, ಕತ್ತಿ ತೆಗಿ, ನಮ್ಮ ತಾತನನ್ನು ಆಡು ಕಾಯಲು ವಾಪಸ್ ಕಳಿಸು. ಮೊದಲ ಪುಟದಲ್ಲಿ ಜವರಣ್ಣನ ತಂದೆ ಮಲ್ಲಯ್ಯನವರ ಹೆಸರು ಹಾಕು. ನಂಜನಗೂಡಿನಲ್ಲಿ ನಲವತ್ತು ವರ್ಷ ಜಟಕಾ ಹೊಡೆದರು, ಚಾಟಿ ಮುಟ್ಟಲಿಲ್ಲ ಅಂತ. ಇಲ್ಲಿ ಕಲಿಸುವುದು ಅವರ ವಿದ್ಯೆ ಅಂತ. ಜಟಕಾ ನಮ್ಮ ಕೊಟ್ಟಿಗೆಯಲ್ಲೇ ಇದೆ, ಅದರಲ್ಲಿ ಕೂರುವ ಕೋಳಿಗಳನ್ನು ಇಳಿಸಿ ಫೋಟೋ ಕಳಿಸುತ್ತೇನೆ. ನಾಳೆ ಬರುವ ಮಕ್ಕಳಿಗೆ ಕೋಟೆಯ ಬದಲು ಅದನ್ನೇ ತೋರಿಸುತ್ತೇನೆ.”

ಜವರಣ್ಣ ಒಳಗೆ ತಿರುಗಿ “ಇವ್ರಿಗೊಂದು ಲೋಟ ಟೀ ಮಡ್ಗವ್ವ” ಅಂತ ಮೊಮ್ಮಗಳಿಗೆ ಹೇಳಿದ.

“ನಿಮ್ಮ ಶಾಲೆ ಶುರುವಾಗಿ ಎಷ್ಟು ವರ್ಷ ಸಾರ್?” ಎಂದು ಫೋನು ಕೇಳಿತು.

“ಎಂಟು” ಅಂದೆ. ಜೀವಮಾನದಲ್ಲಿ ಮೊದಲ ಸಲ, ಮೊದಲ ಮಾತಿಗೇ ನಿಜವಾದ ಬೆಲೆ ಹೇಳಿದ್ದೆ.

“ಎರಡು ಅಂತ ಹಾಕಲಾ ಸಾರ್?” ಅಂದಳು.

“ಎಂಟು ಕಣಮ್ಮ, ದೇವರಾಣೆ.”

“ಇಳಿಸಬೇಕಾದವಳು ನೀನು ಅಂತ ನೀವೇ ಹೇಳಿದ್ರಿ ಸಾರ್. ಮೂರು?”

ನಾನು ಸಾಕ್ಷಿಗಾಗಿ ಜವರಣ್ಣನ ಕಡೆ ತಿರುಗಿದೆ. ಎಂಟು ವರ್ಷ ನನ್ನ ಜೊತೆಗಿದ್ದವನು, ಅವನೊಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಮೆಲ್ಲಗೆ ಟವಲನ್ನು ನನ್ನ ಕೈ ಮೇಲೆ ಹಾಕಿದ, ಅಡಿಯಲ್ಲಿ ಐದು ಬೆರಳು ಒತ್ತಿದ. “ಐದಕ್ಕೆ ಮುಗಿಸ್ಬುಡವ್ವ, ಪಾಪ, ಇವ್ನಿಗೂ ನಷ್ಟ ಆಗ್ಬಾರ್ದು” ಎಂದು ಫೋನಿಗೆ ಹೇಳಿದ. ಅವಳು “ಸರಿಂಗ” ಅಂದಳು.

ಬೇಕಾದರೆ ನೋಡಿ, ವೆಬ್‌ಸೈಟಿನಲ್ಲಿ ಈಗ ನಮ್ಮ ಶಾಲೆಗೆ ಐದೇ ವರ್ಷ. ಇಲ್ಲ, ಎಂಟು ಎಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಕೇಳಿದವರೆಲ್ಲ ನಕ್ಕು ಇಳಿಸುತ್ತಿದ್ದಾರೆ.